ಹಂಸದ ಹೊಟ್ಟೆ

“ಮೂಸು! ಮೂಗಿಗಿಟ್ಕೊಂಡು ಮೂಸೇ, ಕತ್ತೆ! ಏನ್ ನಾತ ಬರ್ತಿದೆ ಹೇಳು!”

ಸೂಪರ್‌ವೈಸರ್ ಒದ್ದೆ ಟವೆಲ್ಲನ್ನು ನನ್ನ ಮುಖಕ್ಕೆ ಒತ್ತಿ ಹಿಡಿದಿದ್ದ. ಉಸಿರು ಕಟ್ಟಿತು.

“ಸೋಪಿನ ವಾಸ್ನೆ, ಸಾರ್.”

“ಸೋಪಲ್ಲ, ಆಸ್ಪತ್ರೆ ನಾತ. ಮೇಲೆ ಬರೋರು ರೋಗಿಗಳಲ್ಲ ಕಣೇ, ಗೆಸ್ಟುಗಳು. ಮೈ ಹಗುರ ಮಾಡ್ಕೊಳ್ಳೋಕೆ ಬರೋರು. ಅವ್ರ ಮೂಗಿಗೆ ಹೂವಿನ ವಾಸ್ನೆ ಬಿಟ್ಟು ಬೇರೇನೂ ಬಡೀಬಾರ್ದು. ಇನ್ನೊಂದ್ಸಲ ಒಗಿ.”

ಟವೆಲ್ಲನ್ನು ನೆಲಕ್ಕೆ ಬಿಸಾಕಿ, ಪ್ಯಾಂಟಿನ ಗೆರೆ ಮುರಿಯದ ಹಾಗೆ ನೀರು ದಾಟಿಕೊಂಡು ಹೋದ. ನಾವು ಅವನನ್ನು ಕರೆಯುವುದೇ ಇಸ್ತ್ರಿ ಎಂದು.

“ಇವನ ಹೆಂಡ್ತಿ ರಾತ್ರಿ ಇವನ್ನ ಹ್ಯಾಂಗರಿಗೆ ನೇತಾಕಿ ಮಲಗ್ತಾಳೇನೋ,” ಎಂದಳು ಗೊಣಗಕ್ಕ. ನನಗಿಂತ ಮೊದಲಿನಿಂದ ಇಲ್ಲಿ ಬಟ್ಟೆ ಒಗೆಯುವವಳು. ಬಾಯಿ ಒಂದು ಗಳಿಗೆ ಸುಮ್ಮನಿರುವುದಿಲ್ಲ, ಹಾಗಾಗಿ ಆ ಹೆಸರು.

ಆಸ್ಪತ್ರೆಯ ನೆಲಮಾಳಿಗೆಯಲ್ಲಿ ನಮ್ಮ ಕೆಲಸ. ಇರುವ ಎರಡು ಯಂತ್ರಗಳಲ್ಲಿ ಒಂದು ಸತ್ತು ಎಷ್ಟೋ ಕಾಲವಾಗಿದೆ. ಮೇಲೆ, ಬಿಸಿಲು ಬೀಳುವ ಕಡೆ, ಹೊಸ ವೆಲ್‌ನೆಸ್ ಬ್ಲಾಕ್ ಎದ್ದಿತ್ತು. ಮರದ ನೆಲ, ಮಸಾಜಿನ ಮಂಚಗಳು, ಹಬೆಯ ಕೋಣೆ. ಮೊದಲು ಅದು ಹೆರಿಗೆ ವಾರ್ಡು. ವಾರ್ಡನ್ನು ಈಗ ಅಡುಗೆಮನೆಯ ಹಿಂದಿನ ಉಗ್ರಾಣಕ್ಕೆ ತಳ್ಳಿದ್ದರು. ಉದ್ಘಾಟನೆ ಮುಗಿಯುವವರೆಗೆ ಬದುಕಿರುವ ಯಂತ್ರ ಮೇಲಿನವರ ಟವೆಲ್ಲಿಗೆ ಮಾತ್ರ ಎಂದು ಇಸ್ತ್ರಿಯ ಆಜ್ಞೆ. ವಾರ್ಡಿನ ರಕ್ತದ ಬಟ್ಟೆಗಳು ಚೀಲ ಚೀಲವಾಗಿ ಗೋಡೆಯ ಬದಿ ಕೊಳೆಯುತ್ತಿದ್ದವು.

ಗೊಣಗಕ್ಕ ಒಂದಿಷ್ಟನ್ನು ಕೈಯಲ್ಲೇ ಕುಕ್ಕೋಣ ಎಂದು ಬಕೆಟ್ಟಿಗೆ ಬಿಸಿನೀರು ಬಿಟ್ಟಿದ್ದಳು. ಇಸ್ತ್ರಿ ಬಂದು ಒದ್ದು ಉರುಳಿಸಿದ.

“ಸಾರ್, ವಾರ್ಡಲ್ಲಿ ಹಾಸೋಕೆ ಒಂದು ಬೆಡ್‌ಶೀಟೂ ಇಲ್ವಂತೆ,” ಎಂದೆ. ನನ್ನ ಮಗಳಿಗೆ ದಿನ ತುಂಬಿತ್ತು. ಅವಳು ಬರಬೇಕಾದದ್ದೂ ಆ ಉಗ್ರಾಣಕ್ಕೇ.

“ಹೆರೋಕೆ ಹೆಂಗಸಿದ್ರೆ ಸಾಕು. ಬೆಡ್‌ಶೀಟ್ ಏನು ಹೆರುತ್ತಾ?” ಎಂದು ತನ್ನ ಮಾತಿಗೆ ತಾನೇ ನಕ್ಕ.

ಅಂದೇ ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿದ. ಟವೆಲ್ಲಿನಿಂದ ಮಡಚಿದ ಹಂಸ. ಮಂಚಕ್ಕೊಂದು ಬೇಕು. ನಾವು ಎಷ್ಟು ಮಡಚಿದರೂ ಕತ್ತು ಬಾಗಿ ಬಿತ್ತು. ಕೊನೆಗೆ ಗೊಣಗಕ್ಕ ಅದರ ಹೊಟ್ಟೆಗೆ ಒಂದು ಹಳೇ ಬಟ್ಟೆ ತುರುಕಿದಳು. ಹಂಸ ಸೆಟೆದು ಕೂತಿತು.

“ನೋಡಿದ್ಯಾ, ಹೊಟ್ಟೆ ತುಂಬಿದ ಕೂಡ್ಲೆ ಎಂಥ ಜಂಬ ಬಂತು ಮುಂಡೇದಕ್ಕೆ.”

ಇಸ್ತ್ರಿ ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಂಡ. ಆಮೇಲೆ ಬೆರಳೆತ್ತಿ ಹೇಳಿದ: “ಮೊದಲ್ನೇ ಮಂಚದ ಹಂಸಕ್ಕೆ ಮಾತ್ರ ಏನೂ ತುರುಕ್ಬೇಡಿ. ಈ ಬ್ಲಾಕಿಗೆ ದುಡ್ಡು ಕೊಟ್ಟ ದಾನಿ ಅಮ್ಮೋರು ಅದರ ಕತ್ತು ಹಿಡಿದು ಎಳೀತಾರೆ, ಒಂದೇ ಸಲಕ್ಕೆ ಬಿಚ್ಕೋಬೇಕು. ಅದೇ ಉದ್ಘಾಟನೆ. ತಿಳೀತಾ?”

ತಿಳಿಯಿತು.

ಉದ್ಘಾಟನೆಯ ಹಿಂದಿನ ದಿನ ಮಗಳಿಗೆ ನೋವು ಬಂತು. ಮಂಚದ ಮೇಲೆ ಬೇರೆ ಯಾರದೋ ಹೆರಿಗೆಯಾದ ಬೆಡ್‌ಶೀಟನ್ನೇ ಮಗುಚಿ ಹಾಸಿದ್ದರು. ನರ್ಸ್ ನನ್ನ ಮುಖ ನೋಡಲಿಲ್ಲ.

“ಅಮ್ಮಾ, ಬೆನ್ನಡಿ ಒದ್ದೆ ಒದ್ದೆ,” ಎನ್ನುತ್ತಲೇ ಇದ್ದಳು ಮಗಳು. ಅವಳ ನೋವಿನ ನಡುವೆ ನಾನು ಬೆನ್ನಿನಡಿ ನನ್ನ ಅಂಗೈ ಇಟ್ಟೆ. ಅಷ್ಟೇ ನನ್ನಲ್ಲಿದ್ದದ್ದು.

ಹೆಣ್ಣು ಕೂಸು. ಅದನ್ನು ಸುತ್ತಲು ಒಂದು ಬಟ್ಟೆಯೂ ಇರಲಿಲ್ಲ. ಕೆಳಗೆ ಓಡಿದೆ. ಅಟ್ಟಿಯಿಂದ ಒಂದು ಬಿಳಿ ಟವೆಲ್ ಎಳೆದುಕೊಂಡು ಬಂದು ಸುತ್ತಿದೆ. ಬೆಚ್ಚಗಾದದ್ದೇ ಕೂಸು ಅಳು ನಿಲ್ಲಿಸಿ, ಬಾಯನ್ನು ಪಚಪಚ ಎನ್ನಿಸಿತು. ಮಗಳು ನಕ್ಕಳು.

ಹಿಂದೆಯೇ ಇಸ್ತ್ರಿ ಬಂದ. ವಾರ್ಡಿನ ಹೆಂಗಸರೆಲ್ಲ ನೋಡುತ್ತಿದ್ದರು.

“ಗೆಸ್ಟ್ ಟವೆಲ್ಲಲ್ಲಿ ಇದನ್ನ ಸುತ್ತಿದ್ಯೇನೇ, ಕಳ್ಳ ಸೂಳೆ!”

ಟವೆಲ್ಲಿನ ತುದಿ ಹಿಡಿದು ಎಳೆದ. ಕೂಸು ಮಗಳ ತೊಡೆಯ ಮೇಲೆ ಬತ್ತಲೆ ಉರುಳಿ ಚೀರಿತು. ಅವನು ಟವೆಲ್ಲನ್ನು ಎರಡು ಬೆರಳಲ್ಲಿ ದೂರ ಹಿಡಿದು ನನ್ನ ಕಾಲ ಬಳಿ ಹಾಕಿದ.

“ಕುದಿಸಿ ಒಗ್ದು ಜಾಗಕ್ಕಿಡು. ಕೆಲಸದಿಂದ ಓಡಿಸ್ತಿದ್ದೆ, ನಾಳೆ ಹಂಸ ಮಡಚೋರಿಲ್ಲ ಅಂತ ಬಿಟ್ಟಿದ್ದೀನಿ.”

ನಾನು ಕೂಸನ್ನು ಅಂಗಿಯೊಳಗೆ ಹಾಕಿಕೊಂಡು ಎದೆಗೆ ಅವಚಿದೆ.

ಬೆಳಿಗ್ಗೆ ಮಗಳ ಮೈ ಕಾದ ಹೆಂಚಾಗಿತ್ತು. ನರ್ಸ್ ಅವಳಡಿಯ ಬೆಡ್‌ಶೀಟನ್ನು ಎಳೆದು ಮುದ್ದೆ ಮಾಡಿ ನನ್ನ ಕೈಗಿಟ್ಟಳು. “ಇದನ್ನಾದ್ರೂ ಒಗೀರಿ, ಅಮ್ಮಾ.”

ಕೆಳಗೆ ತಂದು ತೊಟ್ಟಿಗೆ ನೀರು ಬಿಟ್ಟೆ. ಮತ್ತೆ ನಲ್ಲಿ ನಿಲ್ಲಿಸಿದೆ. ಬೆಡ್‌ಶೀಟನ್ನು ಒಣಗಿದ ಹಾಗೆಯೇ, ಕಲೆ ಒಳಗಾಗುವಂತೆ ಮಡಚಿದೆ. ಕೈಗೆ ಸರಿಯಾಗಿ ಕೂತಿತು. ಒಂದು ಹಂಸದ ಹೊಟ್ಟೆಯಷ್ಟು.

ಗೊಣಗಕ್ಕ ನೋಡಿದಳು. ನಾನು ಅವಳನ್ನು ಕಂಡಾಗಿನಿಂದ ಮೊದಲ ಸಲ ಅವಳ ಬಾಯಿಂದ ಮಾತು ಬರಲಿಲ್ಲ. ಹೋಗಿ ಬಾಗಿಲ ಅಗುಳಿ ಹಾಕಿ ಬಂದಳು. ಗೋಡೆಯ ಬದಿಯ ಚೀಲದ ಬಾಯಿ ಬಿಚ್ಚಿದಳು.

“ನಿನ್ನದು ಮೊದಲ್ನೇ ಮಂಚಕ್ಕೆ,” ಎಂದಳು. “ಉಳಿದವಕ್ಕೆ ಉಳಿದವರದ್ದು.”

ಹಂಸಗಳನ್ನು ಇಟ್ಟು ಬಂದ ಮೇಲೆ ನಮ್ಮನ್ನು ಅಲ್ಲಿ ನಿಲ್ಲಗೊಡಲಿಲ್ಲ. ನಾನು ಮೊಣಕೈವರೆಗೆ ಬಿಸಿನೀರಲ್ಲಿ ಉಜ್ಜಿ ತೊಳೆದುಕೊಂಡು, ಬೇರೆ ಅಂಗಿ ತೊಟ್ಟು, ಕೂಸನ್ನು ಎದೆಗಿಟ್ಟುಕೊಂಡು ಹಿಂಬಾಗಿಲ ಸಂದಿಯಲ್ಲಿ ನಿಂತೆ. ಪಕ್ಕದಲ್ಲಿ ಗೊಣಗಕ್ಕ.

ಕ್ಯಾಮೆರಾಗಳು, ಚಪ್ಪಾಳೆ. ದಾನಿ ಅಮ್ಮೋರು ಬಿಳಿ ಗೌನು ತೊಟ್ಟು ಮೊದಲ ಮಂಚದ ಮೇಲೆ ಕೂತರು. ದೊಡ್ಡ ಡಾಕ್ಟರು ಬಾಗಿ ಹಂಸವನ್ನು ಕೊಟ್ಟರು. ಅಮ್ಮೋರು ನಗುತ್ತ ಕತ್ತು ಹಿಡಿದು ಎಳೆದರು.

ಒಂದೇ ಸಲಕ್ಕೆ ಬಿಚ್ಚಿಕೊಂಡಿತು. ನನ್ನ ಮಗಳ ಬೆಡ್‌ಶೀಟು ಅವರ ಮಡಿಲ ತುಂಬ ಹರಡಿತು, ಕಂದು ಕಲೆ ಮೇಲಾಗಿ.

ಅಮ್ಮೋರು ಕಿರುಚಿದರು. “ಏನಿಲ್ಲ ಮೇಡಂ, ಏನಿಲ್ಲ,” ಎನ್ನುತ್ತ ಡಾಕ್ಟರು ಕೈ ಒರೆಸಲು ಎರಡನೆಯ ಹಂಸಕ್ಕೆ ಕೈ ಹಾಕಿ ಕತ್ತು ಎಳೆದರು. ಇಸ್ತ್ರಿ ಓಡಿ ಬಂದು ಮೂರನೆಯದನ್ನು ಎಳೆದ. ಅದರೊಳಗಿನ ರಕ್ತದ ಬಟ್ಟೆ ಅವನ ಅಂಗಿಯ ಮೇಲೆಯೇ ಬಿತ್ತು. ಕೋಣೆಯ ಹೂವಿನ ವಾಸನೆಯೆಲ್ಲ ಸತ್ತುಹೋಯಿತು.

“ಎಳಿ, ಇನ್ನೊಂದು ಎಳಿಯೋ,” ಎಂದು ಗೊಣಗಕ್ಕ ಹಲ್ಲು ಕಚ್ಚಿದಳು. “ನಿನ್ನ ಕೈ ಸೇದ್ಹೋಗ!”

ನಾನು ಬಾಗಿಲು ತಳ್ಳಿ ಒಳಗೆ ನಡೆದೆ. ಮರದ ನೆಲದ ಮೇಲೆ ನನ್ನ ಒದ್ದೆ ಚಪ್ಪಲಿಯ ಗುರುತು ಬಿದ್ದಿತು.

“ಹೆದರ್ಬೇಡಿ, ಅಮ್ಮೋರೆ. ಅದು ನನ್ನ ಮಗಳ ರಕ್ತ. ಕೆಳಗೆ ಜ್ವರದಲ್ಲಿ ಬೇಯ್ತಿದ್ದಾಳೆ. ನೀವು ಕೂತಿರೋ ಜಾಗದಲ್ಲೇ ನಾನು ಅವಳನ್ನ ಹೆತ್ತಿದ್ದು. ಆಗ ಇಲ್ಲಿ ಒಗೆದ ಬೆಡ್‌ಶೀಟ್ ಇರ್ತಿತ್ತು.”

ಕಪಾಟಿನಲ್ಲಿ ನಾನೇ ಒಗೆದ ಟವೆಲ್ಲುಗಳು ಸಾಲಾಗಿದ್ದವು. ಮೇಲಿನದನ್ನು ತೆಗೆದು ಕೂಸನ್ನು ಅದರಲ್ಲಿ ಸುತ್ತಿದೆ. ತಲೆಯಿಂದ ಕಾಲಿನವರೆಗೆ, ಬಿಗಿಯಾಗಿ. ಕೂಸು ಬಾಯನ್ನು ಪಚಪಚ ಎನ್ನಿಸಿತು. ಕ್ಯಾಮೆರಾಗಳೆಲ್ಲ ನಮ್ಮ ಕಡೆ ತಿರುಗಿದವು.

ಇಸ್ತ್ರಿ ಅಂಗಿ ಉಜ್ಜಿಕೊಳ್ಳುವುದನ್ನು ಬಿಟ್ಟು ನನ್ನತ್ತ ನೋಡಿದ. ನಾನು ಟವೆಲ್ಲಿನ ತುದಿಯನ್ನು ಅವನ ಕಡೆ ಚಾಚಿದೆ.

“ಬಾರೋ,” ಎಂದೆ. “ಈಗ ಎಳಿ.”