ನಿಂತ ಮರ ನೋಡಲು

ಬಂಟ್ವಾಳದ ಅಬ್ದುಲ್ ಸಮದ್ ಬಹಳ ವರ್ಷ ಮರದ ವ್ಯಾಪಾರ ಮಾಡಿ, 2001ರಲ್ಲಿ ಮಿಲ್ಲನ್ನು ಮಗನಿಗೆ ಬಿಟ್ಟರು. ಆ ಬೇಸಿಗೆಯಲ್ಲಿ ಒಂದು ದಿನ ಹೆಂಡತಿ ಜುಲೈಕಾ, "ನಾನು ನೋಡಿದ್ದೆಲ್ಲ ಮಿಲ್ಲಿಗೆ ಬಂದು ಬಿದ್ದ ಮರ. ನಿಂತ ಮರಗಳ ಕಾಡು ಒಮ್ಮೆ ತೋರಿಸಿ," ಎಂದರು.

ಇಬ್ಬರೂ ಬಸ್ಸಿನಲ್ಲಿ ವೇಣೂರಿಗೆ ಹೋದರು. ಅಲ್ಲಿ ಹಳೆಯ ಪರಿಚಯದ ಕುಶಾಲಪ್ಪ ತಮ್ಮ ರಬ್ಬರ್ ತೋಟದ ನಡುವೆ ಒಂದಿಷ್ಟು ಕಾಡನ್ನು ಕಡಿಯದೆ ಉಳಿಸಿಕೊಂಡಿದ್ದರು. ಸಮದರನ್ನು ಕಂಡೊಡನೆ, "ಈ ಮರ ಕೊಡುವುದಿಲ್ಲ ಹಾಜಿಯವರೇ," ಎಂದರು.

"ಕೇಳಲಿಕ್ಕೆ ಬಂದದ್ದಲ್ಲ ಮಾರಾಯ. ಇವಳಿಗೆ ನೋಡಬೇಕಂತೆ."

ಒಳಗೆ ತರಗೆಲೆ ದಪ್ಪವಾಗಿ ಬಿದ್ದಿತ್ತು. ತೋಟದ ಸೆಕೆ ಇಲ್ಲಿರಲಿಲ್ಲ. ಒಂದು ಹೆಬ್ಬಲಸಿನ ಬುಡದಲ್ಲಿ ಸಮದ್ ಅಭ್ಯಾಸಬಲದಿಂದ ಸುತ್ತಳತೆ ನೋಡಲು ಮರವನ್ನು ತಬ್ಬಿದರು. ಜುಲೈಕಾ ಆಚೆ ಬದಿಯಿಂದ ತಬ್ಬಿದರು. ಆದರೂ ಇಬ್ಬರ ಬೆರಳುಗಳು ಮುಟ್ಟಲಿಲ್ಲ. ಜುಲೈಕಾ ತೊಗಟೆಗೆ ಕೆನ್ನೆ ಇಟ್ಟು, "ಎಷ್ಟು ತಂಪು ಉಂಟು," ಎಂದರು.

ಸಮದ್ ಎಷ್ಟೋ ಹೆಬ್ಬಲಸು ಕಡಿಸಿದವರು. ಹೀಗೆ ಕೆನ್ನೆ ಇಟ್ಟು ನೋಡಿರಲಿಲ್ಲ. ಈಗ ಅವರೂ ಇಟ್ಟರು.

ಸ್ವಲ್ಪ ಹೊತ್ತಿನ ಮೇಲೆ ಸಮದ್, "ಹೋಗುವಾ? ಬಸ್ಸಿಗೆ ಹೊತ್ತಾಯಿತು," ಎಂದರು.

"ಮುಂದಿನ ಬಸ್ಸಿಗೆ ಹೋಗುವ," ಎಂದು ಜುಲೈಕಾ ತರಗೆಲೆಯ ಮೇಲೆ ಕುಳಿತರು. ಸಮದ್ ಪಂಚೆ ಮಡಚಿಕೊಂಡು ಪಕ್ಕದಲ್ಲಿ ಕುಳಿತರು.