ಬೆವರಿಲ್ಲದ ಬೆಟ್ಟ

ಲಿಫ್ಟ್ ರಿಪೇರಿ ಮಾಡುವ ಅಳಿಯ, ಬಸ್ ಓಡಿಸಿ ನಿವೃತ್ತರಾದ ಮಾವ, ಇಬ್ಬರೂ ಒಂದೇ ಮನೆಯಲ್ಲಿದ್ದು ಒಂದೇ ಸೈಕಲ್ ತುಳಿಯುತ್ತಿದ್ದರು. ಆ ಸೈಕಲ್ ಎಲ್ಲಿಗೂ ಹೋಗುವಂಥದ್ದಲ್ಲ. ಹಿಂದಿನ ಚಕ್ರವಿರಬೇಕಾದ ಜಾಗದಲ್ಲಿ ಒಂದು ಯಂತ್ರ, ಎದುರಿಗೆ ಟಿವಿ. ಇಲ್ಲಿ ತುಳಿದಷ್ಟೂ ಪರದೆಯೊಳಗಿನ ಸವಾರ ಮುಂದೆ ಹೋಗುತ್ತಿದ್ದ. ಪರದೆಯಲ್ಲಿ ಏರು ಬಂದರೆ ಪೆಡಲ್ ತಾನಾಗಿ ಬಿಗಿಯಾಗುತ್ತಿತ್ತು.

ಸಕ್ಕರೆ ಕಾಯಿಲೆಗೆ ಒಳ್ಳೆಯದೆಂದು ಡಾಕ್ಟರ್ ಹೇಳಿದ ಮೇಲೆ ಮಾವ ಒಂದು ದಿನವೂ ತಪ್ಪಿಸಿದವರಲ್ಲ. ಎದ್ದವರೇ ಹೆಗಲಿಗೆ ಟವೆಲ್ ಹಾಕಿಕೊಂಡು ಏರಿದರೆ, ತುಂಬಿದ ಬಸ್ಸಿನ ಹಾಗೆ ನಿಧಾನವಾಗಿ, ಆದರೆ ನಿಲ್ಲದೆ ಸಾಗುತ್ತಿದ್ದರು. ಇಳಿದ ಮೇಲೆ ಅವರ ಮಗಳು ನೆಲದ ಮೇಲಿನ ಬೆವರು ಒರೆಸುತ್ತಿದ್ದಳು. ಆಮೇಲೆ ತಾನು ಕೆಲಸ ಮಾಡುವ ಕನ್ನಡಕದ ಅಂಗಡಿಗೆ ಹೊರಡುತ್ತಿದ್ದಳು.

ಬಡಾವಣೆಯಲ್ಲಿ ಹೀಗೆ ಮನೆಯೊಳಗೇ ಸವಾರಿ ಮಾಡುವವರದೊಂದು ಗುಂಪಿತ್ತು. ಈಜು ಕಲಿಸುವ ಟೀಚರ್ ಅದರ ಮುಖಂಡೆ. ಒಂದೊಂದು ದಾರಿ ಮುಗಿಸಿದರೆ ಪರದೆಯ ಮೇಲೆ ಒಂದೊಂದು ಪದಕ. ಎಲ್ಲಕ್ಕಿಂತ ದೊಡ್ಡದು ಚಿನ್ನದ ಚಕ್ರ. ಊರಾಚೆಯ ಬೆಟ್ಟದ ದಾರಿಯನ್ನು ತಿರುವು ಸಮೇತ ಪರದೆಗೆ ಇಳಿಸಿದ್ದರು. ಅದನ್ನು ತುದಿಯವರೆಗೆ ಹತ್ತಿದವರಿಗೆ ಮಾತ್ರ ಆ ಚಕ್ರ.

ಅಳಿಯ ಮೊದಮೊದಲು ಪ್ರಾಮಾಣಿಕವಾಗಿಯೇ ತುಳಿದ. ಆದರೆ ಪಟ್ಟಿಯಲ್ಲಿ ಕೆಳಗಿನಿಂದ ಮೇಲೇಳಲೇ ಇಲ್ಲ. ಒಂದು ದಿನ ಮಾವನೂ ಅವನನ್ನು ದಾಟಿಬಿಟ್ಟರು. "ಲಿಫ್ಟ್‌ನೋರಿಗೆ ಹತ್ತಿ ಅಭ್ಯಾಸ ಇಲ್ಲ ಬಿಡಿ" ಎಂದು ಟೀಚರ್ ಗುಂಪಿಗೆ ಬರೆದಳು. ಎಲ್ಲರೂ ನಕ್ಕರು. ಅವನೂ ನಕ್ಕ. ಅಂದು ಊಟ ಮಾತ್ರ ಅರ್ಧಕ್ಕೇ ಬಿಟ್ಟೆದ್ದ.

ಮೊದಲು ಅವನು ಆಟದಲ್ಲಿ ತನ್ನ ತೂಕ ಕಡಿಮೆ ಬರೆದ. ಹಗುರ ಇದ್ದವನನ್ನು ಪರದೆ ಬೇಗ ಹತ್ತಿಸುತ್ತದೆ. ಅದೂ ಸಾಲದೆ ಹೋದಾಗ ಕೆಲಸದ ಚೀಲದಿಂದ ಡ್ರಿಲ್ ಮಷೀನ್ ತಂದ.

ಮಾವ ಹೊರಗೆ ಹೋಗಿದ್ದ ಒಂದು ಮಧ್ಯಾಹ್ನ ಅವನ ಹೆಂಡತಿ ಬೇಗ ಮನೆಗೆ ಬಂದಳು. ಬಾಗಿಲು ತೆಗೆದವಳು ಅಲ್ಲೇ ನಿಂತುಬಿಟ್ಟಳು. ಸೀಟಿನ ಮೇಲೆ ಯಾರೂ ಇರಲಿಲ್ಲ. ಪೆಡಲ್‌ಗಳು ತಮ್ಮಷ್ಟಕ್ಕೆ ಗಿರಗಿರ ತಿರುಗುತ್ತಿದ್ದವು. ಪರದೆಯಲ್ಲಿ ಸವಾರ ಬೆಟ್ಟ ಹತ್ತುತ್ತಲೇ ಇದ್ದ. ಪೆಡಲಿನ ಬುಡಕ್ಕೆ ಸಿಕ್ಕಿಸಿದ ಡ್ರಿಲ್ ಗುಂಯ್ ಎನ್ನುತ್ತಿತ್ತು. ಪಕ್ಕದಲ್ಲಿ ಗಂಡ ಕುರ್ಚಿ ಹಾಕಿಕೊಂಡು ಕಡಲೆಕಾಯಿ ಬಿಡಿಸುತ್ತಿದ್ದ.

"ಇದೇನ್ರೀ ಇದು? ದೆವ್ವ ತುಳೀತಿದೆಯಾ?"

"ಶ್! ಆಟ ತಾನೇ. ಯಾರಿಗೇನು ನಷ್ಟ?"

"ಅಪ್ಪನಿಗೆ ಹೇಳ್ತೀರಾ?"

"ಹೇಳ್ತೀನಿ. ಚಕ್ರ ಒಂದು ಕೈಗೆ ಬರ್ಲಿ."

ಎಷ್ಟೋ ದಿನದ ಮೇಲೆ ಅವನ ಮುಖದಲ್ಲಿ ಕಳೆ ಬಂದಿತ್ತು. ಅದನ್ನು ಕೆಡಿಸಲು ಅವಳಿಗೆ ಮನಸ್ಸಾಗಲಿಲ್ಲ. ಮಾತು ನುಂಗಿಕೊಂಡು ಒಳಗೆ ಹೋದಳು.

ಚಕ್ರ ಬಂತು. ಗುಂಪಿನವರು ಅವನಿಗೆ 'ಪರ್ವತರಾಯ' ಎಂದು ಹೆಸರಿಟ್ಟರು. ಮಾವ ಕಟಿಂಗ್ ಶಾಪಿನವನಿಗೂ ಬಿಡದೆ ಫೋನ್ ತೋರಿಸಿದರು. "ನಮ್ಮ ಅಳಿಯಂದ್ರು ನೋಡಪ್ಪಾ. ಒಂದು ಹನಿ ಬೆವರಿಲ್ದೆ ಹತ್ತಿಬಿಟ್ರು!"

ಆಮೇಲೆ ತಾವೂ ಹಟ ಹಿಡಿದರು. ಅರ್ಧಕ್ಕೆ ನಿಲ್ಲುವರು, ಮಾರನೆಯ ದಿನ ಮತ್ತೆ ಬುಡದಿಂದ ಶುರು ಮಾಡುವರು. ಕೊನೆಗೊಂದು ಬೆಳಿಗ್ಗೆ ತುದಿ ಮುಟ್ಟಿದರು. ಕಾಲು ಗಡಗಡ ನಡುಗುತ್ತಿತ್ತು. ಮಗಳೇ ಹಿಡಿದು ಇಳಿಸಬೇಕಾಯಿತು. "ಇನ್ನು ನಿಜವಾದ ಬೆಟ್ಟಾನೂ ಒಂದ್ಸಲ ಹತ್ತಿಬಿಡ್ಬೇಕು ಮಗಳೇ" ಎಂದರು. ಗುಂಪಿಗೂ ಅದೇ ಬೇಕಾಗಿತ್ತು. ದಿನ ಗೊತ್ತಾಯಿತು. ಮಾವ, ಅಳಿಯ ಇಬ್ಬರಿಗೂ ರಸ್ತೆಯಲ್ಲಿ ಓಡುವ ಸೈಕಲ್ ಬಾಡಿಗೆಗೆ ಬಂತು.

"ಈಗ್ಲಾದ್ರೂ ಹೇಳಿಬಿಡಿ" ಎಂದಳು ಹೆಂಡತಿ, ಅಡುಗೆಮನೆಯಲ್ಲಿ, ತಗ್ಗಿದ ದನಿಯಲ್ಲಿ.

"ಕಾಲು ನೋವು ಅಂತ ಅರ್ಧಕ್ಕೇ ಇಳಿದ್ಬಿಡ್ತೀನಿ. ನೀನು ಸುಮ್ನಿರು."

ಅವಳು ಸುಮ್ಮನಿದ್ದಳು.

ಬೆಟ್ಟದ ಬುಡದಲ್ಲಿ ಟೀಚರ್ ಎಲ್ಲರನ್ನೂ ಸುತ್ತ ನಿಲ್ಲಿಸಿಕೊಂಡಳು. "ಇಲ್ಲಿಂದ ತುದಿವರೆಗೂ ಫೋನ್ ಸಿಗಲ್ಲ, ಈ ಬುಡದಲ್ಲೂ ಯಾರೂ ಇರಲ್ಲ. ತುದೀಲಿ ನನ್ನ ವ್ಯಾನ್ ಇರುತ್ತೆ. ಯಾರಿಗಾದ್ರೂ ಏನಾದ್ರೂ ಆದ್ರೆ ಜೊತೆಯವ್ರು ಹತ್ತಿ ಬಂದು ಹೇಳ್ಬೇಕು. ಹಿರಿಯರು ಕೊನೇಲಿ ಬರ್ಲಿ. ಅವ್ರ ಜೊತೆಗೆ ನಮ್ಮ ಪರ್ವತರಾಯ. ಆಗುತ್ತಲ್ವಾ?"

ಎಲ್ಲರ ಕಣ್ಣೂ ಅವನ ಮೇಲೆ. "ಆಗುತ್ತೆ" ಎಂದ.

ಎರಡು ತಿರುವು ದಾಟುವಷ್ಟರಲ್ಲಿ ಮುಂದಿನವರೆಲ್ಲ ಮಂಜಿನಲ್ಲಿ ಕರಗಿಹೋದರು. ಅವನ ಎದೆ ತಿದಿಯಂತೆ ಏರಿಳಿಯತೊಡಗಿತು. ಮಾವ ಹಿಂತಿರುಗಿ ನೋಡಿ ನಕ್ಕರು. "ನನಗೋಸ್ಕರ ನಿಧಾನ ಮಾಡ್ಬೇಡಿ ಅಳಿಯಂದ್ರೇ." ಕಾಲು ನೋವೆಂದು ಹೇಳಲು ಅವನು ಬಾಯಿ ತೆರೆದ. ಇನ್ನೊಂದು ತಿರುವು ಆಗಲಿ ಎಂದುಕೊಂಡ. ಅದಾದ ಮೇಲೆ ಇನ್ನೊಂದು.

ಅರ್ಧ ದಾರಿ ದಾಟಿದ ಮೇಲೆ, ಜಲ್ಲಿ ಚೆಲ್ಲಿದ್ದ ಒಂದು ತಿರುವಿನಲ್ಲಿ ಮಾವನ ಚಕ್ರ ಜಾರಿತು. ಸೈಕಲ್ ಸಮೇತ ರಸ್ತೆ ಪಕ್ಕದ ಚರಂಡಿಗೆ ಬಿದ್ದರು. ಅಳಿಯ ಇಳಿದು ನೋಡಿದರೆ ಮಾವನ ಪಾದ ತಿರುಗಬಾರದ ಕಡೆಗೆ ತಿರುಗಿತ್ತು. ಶೂ ಬಿಚ್ಚಿದರೆ ಬೆರಳುಗಳು ಆಗಲೇ ಬಿಳಿಚಿ ತಣ್ಣಗಾಗುತ್ತಿದ್ದವು.

ಮಾವ ಹಲ್ಲು ಕಚ್ಚಿ ನೋವು ತಡೆದುಕೊಂಡರು. "ಗಾಬರಿ ಬೇಡ. ನೀವು ಮೇಲೆ ಹೋಗಿ ವ್ಯಾನ್ ಕರ್ಕೊಂಡ್ಬನ್ನಿ. ನಿಮಗೇನು, ಹಾರ್ಕೊಂಡು ಹೋಗಿ ಬಂದ್ಬಿಡ್ತೀರಿ."

ಅವನು ತನ್ನ ಕೋಟು ಬಿಚ್ಚಿ ಅವರಿಗೆ ಹೊದಿಸಿ ಹೊರಟ. ಪ್ರಾಣ ಒತ್ತೆಯಿಟ್ಟವನ ಹಾಗೆ ತುಳಿದ. ಮುಂದಿನ ತಿರುವಿಗೇ ತೊಡೆಗಳು ಕಲ್ಲಾದವು. ಬಿದ್ದ. ವಾಂತಿಯಾಯಿತು. ಸೈಕಲ್ ಅಲ್ಲೇ ಬಿಟ್ಟು ಓಡಲು ನೋಡಿದ. ಓಟ ನಡಿಗೆಯಾಯಿತು, ನಡಿಗೆ ತೆವಳಾಟವಾಯಿತು. ಮಂಜಿನಲ್ಲಿ ಮೇಲಾವುದು ಕೆಳಗಾವುದು ತಿಳಿಯುತ್ತಿರಲಿಲ್ಲ. ಒಂದೇ ಒಂದು ವಾಹನವೂ ಬರಲಿಲ್ಲ. ಕೆಳಗಿನಿಂದ ಮಾವ ಒಮ್ಮೆ ಕೂಗಿದ ಹಾಗಾಯಿತು. ಕಿವಿಗೊಟ್ಟು ಕೇಳಿದ. ಮತ್ತೆ ಕೇಳಿಸಲಿಲ್ಲ.

ತುದಿಯಲ್ಲಿ ಉಳಿದವರು ಆಗಲೇ ಬಂದು ಟೀ ಕುಡಿಯುತ್ತಿದ್ದರು. ತಡವಾಯಿತಲ್ಲ, ವ್ಯಾನ್ ತಗೊಂಡು ಕೆಳಗೆ ಹೋಗಿ ನೋಡೋಣವೇ ಎಂದು ಒಬ್ಬರು ಕೇಳಿದರಂತೆ. "ಪರ್ವತರಾಯ ಜೊತೇಲಿದಾರಲ್ಲ. ಏನಾದ್ರೂ ಆಗಿದ್ರೆ ಇಷ್ಟೊತ್ತಿಗೆ ಬಂದು ಹೇಳ್ತಿದ್ರು" ಎಂದು ಟೀಚರ್ ತಡೆದಳಂತೆ. ಬಹಳ ಹೊತ್ತಿನ ಮೇಲೆ ವ್ಯಾನ್ ಇಳಿದು ಬಂದಾಗ ಅಳಿಯ ಇನ್ನೂ ದಾರಿಯಲ್ಲೇ ತೆವಳುತ್ತಿದ್ದ.

ಆಸ್ಪತ್ರೆಯಲ್ಲಿ ಸರ್ಜನ್ ಪಾದ ಪರೀಕ್ಷಿಸಿದರು. ರಕ್ತನಾಳ ನಜ್ಜುಗುಜ್ಜಾಗಿತ್ತು. ಪಾದಕ್ಕೆ ರಕ್ತ ಹರಿಯದೆ ಬಹಳ ಹೊತ್ತಾಗಿತ್ತು. "ಇನ್ನಷ್ಟು ಬೇಗ ತಂದಿದ್ರೆ ಉಳಿಸ್ಬಹುದಿತ್ತು" ಎಂದಷ್ಟೇ ಹೇಳಿ, ಪಾದ ತೆಗೆಯಲು ಒಪ್ಪಿಗೆಯ ಕಾಗದ ಚಾಚಿದರು. ಸಹಿ ಹಾಕಿದವಳು ಮಗಳು.

ಮಾವನಿಗೆ ಪೂರ್ತಿ ಎಚ್ಚರವಾದ ದಿನ ಇಬ್ಬರೂ ಮಂಚದ ಪಕ್ಕದಲ್ಲಿದ್ದರು. ಅವರು ಅಳಿಯನ ಮುಖವನ್ನೇ ನೋಡಿದರು. "ದಾರೀಲಿ ನಿಮಗೇನಾಯ್ತು ಅಳಿಯಂದ್ರೇ? ನೀವೂ ಬಿದ್ರೇನೋ ಅಂತ ಹೆದರಿಬಿಟ್ಟಿದ್ದೆ."

ಅಳಿಯ ತಲೆ ತಗ್ಗಿಸಿದ. "ಹೌದು ಮಾವ, ನಾನು…"

"ಅವ್ರಿಗೇನೂ ಆಗ್ಲಿಲ್ಲ ಅಪ್ಪಾ" ಎಂದಳು ಮಗಳು. "ಅವ್ರು ಆ ಬೆಟ್ಟ ಯಾವತ್ತೂ ಹತ್ತೇ ಇಲ್ಲ. ಪರದೇಲೂ ಇಲ್ಲ. ಡ್ರಿಲ್ ಹಾಕಿ ತಿರುಗಿಸ್ತಿದ್ರು. ನನಗೆ ಗೊತ್ತಿತ್ತು."

ಮಾವ ಗಂಡನನ್ನೂ ಹೆಂಡತಿಯನ್ನೂ ಬಿಟ್ಟು ಅವರ ನಡುವಿನ ಖಾಲಿ ಜಾಗವನ್ನು ನೋಡುತ್ತಿದ್ದರು. ಮಗಳು ನೀರಿನ ಲೋಟ ಮುಂದಕ್ಕೆ ಹಿಡಿದಳು. ಅವರು ಕೈ ಚಾಚಲಿಲ್ಲ. ಅತ್ತ ಹೋಗುತ್ತಿದ್ದ ನರ್ಸನ್ನು ಕರೆದರು.

"ಸ್ವಲ್ಪ ನೀರು ಕೊಡ್ತೀಯಾಮ್ಮಾ? ಹಾಗೇ ಇವ್ರಿಬ್ರನ್ನ ಹೊರಗೆ ಕೂರೋಕೆ ಹೇಳು. ನನಗೆ ನಿದ್ದೆ ಬರ್ತಿದೆ."

ಆಸ್ಪತ್ರೆಯಿಂದ ಬಿಡುವ ದಿನ, ತಂಗಿಯ ಮನೆಗೆ ಹೋಗುತ್ತೇನೆ ಎಂದರು ಮಾವ. ಎಷ್ಟು ದಿನಕ್ಕೆ ಎಂದು ಮಗಳು ಕೇಳಲಿಲ್ಲ. ಅಳಿಯ ಗಾಲಿಕುರ್ಚಿಯ ಹಿಡಿಗೆ ಕೈ ಹಾಕಿದ. ಮಾವ ಹಿಂತಿರುಗಿ ನೋಡದೆಯೇ ಆ ಕೈಯನ್ನು ಮೆಲ್ಲಗೆ ಬಿಡಿಸಿ, ತಾವೇ ಚಕ್ರ ತಿರುಗಿಸಿಕೊಂಡು ಬಾಗಿಲ ಕಡೆಗೆ ಹೊರಟರು.