ಗೊರಕೆ

"ಟೀ ಅಂತ ಏನು ಉಚ್ಚೆ ಕಾಸಿಟ್ಟಿದ್ದೀಯೇನೇ, ಮುಂಡೆ?"

ಮೇಸ್ತ್ರಿ ಲೋಟವನ್ನು ಅವಳ ಕಾಲ ಮೇಲೆಯೇ ಸುರಿದ. ಬಿಸಿ ಟೀ ಪಾದದಿಂದ ಇಳಿದು, ಸಿಮೆಂಟಿನ ಧೂಳಿನಲ್ಲಿ ಉಂಡೆಯುಂಡೆಯಾಗಿ ಹೊರಳಿ ಇಂಗಿಹೋಯಿತು.

"ನೋಡು ಅಲ್ಲಿ. ಇಷ್ಟೊತ್ತಿಗೆ ಅರ್ಧ ಲಾರಿ ಖಾಲಿಯಾಗಬೇಕಿತ್ತು. ಗಂಡಸರೆಲ್ಲ ಬಾಣಂತಿಯರ ಹಾಗೆ ಕೂತಿದಾರೆ. ಗುಳಿಗೆ ಹಾಕಿದ್ಯೋ ಇಲ್ವೋ?"

"ಹಾಕಿದೀನಿ."

"ಸುಳ್ಳು ಬೊಗಳಬೇಡ."

ಸುಳ್ಳೇ. ನಿನ್ನೆ ಸಂಜೆಯ ಟೀಗೂ ಅವಳು ಹಾಕಿರಲಿಲ್ಲ. ಗುಳಿಗೆಗಳೆಲ್ಲ ಸೆರಗಿನ ಗಂಟಿನಲ್ಲಿದ್ದವು.

ಆ ಗೋದಾಮಿನಲ್ಲಿ ಮೂಟೆ ಇಳಿಸುವವರೆಲ್ಲ ಅವಳನ್ನು ಅತ್ತಿಗೆ ಎನ್ನುತ್ತಿದ್ದರು. ಅವಳ ಗಂಡ ಅವರಲ್ಲಿ ಹಳಬ. ಮೈಕೈ ನೋವಿಗೆ ಒಳ್ಳೆಯದು ಎಂದು ಮೇಸ್ತ್ರಿ ಗುಳಿಗೆ ಕೊಟ್ಟಾಗ ಅವಳಿಗೆ ಸಂತೋಷವೇ ಆಗಿತ್ತು. ಪುಡಿ ಮಾಡಿ ಕೆಟಲಿಗೆ ಹಾಕು, ಮೊದಲ ಲೋಟ ಎಲ್ಲರೆದುರು ನೀನೇ ಕುಡಿ, ಅವರಿಗೂ ನಂಬಿಕೆ ಬರಲಿ ಎಂದಿದ್ದ. ಅದೇ ಅಲ್ಲಿಯ ರೂಢಿಯಾಯಿತು. ಮೊದಮೊದಲು ಟೀ ಕುಡಿದವರ ಮೈ ಹತ್ತಿಯಂತೆ ಹಗುರಾಗುತ್ತಿತ್ತು. ಮೂಟೆ ಹೊತ್ತುಕೊಂಡೇ ಹಾಡು ಹೇಳುತ್ತಿದ್ದರು. ಬರಬರುತ್ತಾ ಹಾಡು ನಿಂತಿತು. ಹಸಿವು ಸತ್ತು, ಕಟ್ಟಿಕೊಟ್ಟ ಬುತ್ತಿ ಹಾಗೇ ಮನೆಗೆ ಮರಳತೊಡಗಿತು. ಹೊಟ್ಟೆ ಕಲ್ಲಾಯಿತು. ಕಣ್ಣಿನ ಪಾಪೆ ಸಾಸಿವೆ ಕಾಳಿನಷ್ಟಾಯಿತು. ಪಕ್ಕದಲ್ಲಿ ಮಲಗುವ ಗಂಡ ಮರದ ದಿಮ್ಮಿಯಾದ. ಹಳೆಯ ಅಳತೆ ಸಾಲದಾಗಿ ಪುಡಿ ಹೆಚ್ಚಿಸಬೇಕಾಯಿತು.

ಆಮೇಲೆ ಆನೆ ಸತ್ತ.

ಎಲ್ಲರಿಗಿಂತ ದೊಡ್ಡ ಆಳೆಂದು ಅವನನ್ನು ಆನೆ ಎನ್ನುತ್ತಿದ್ದರು. ಎಷ್ಟೇ ದಣಿದಿದ್ದರೂ ಅವಳ ನೀರಿನ ಕೊಡ ಎತ್ತಿಕೊಡದೆ ಹೋದವನಲ್ಲ. ಒಂದು ಮಧ್ಯಾಹ್ನ ಖಾಲಿ ಚೀಲಗಳ ಮೇಲೆ ಒರಗಿ ನಿದ್ದೆಹೋದ. ಎಂಥ ಗೊರಕೆ! ಗಂಟಲಲ್ಲಿ ನೀರು ಕುದಿದ ಹಾಗೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. "ಪಾಪ, ಸೋತಿದಾನೆ, ಎಬ್ಬಿಸಬೇಡ್ರೋ" ಎಂದು ಅವಳೇ ಗದರಿದಳು. ಗೋಣಿ ಹೊದಿಸಿದಳು. ಮುಖದ ನೊಣ ಓಡಿಸಿದಳು. ಒಂದು ಗೊರಕೆಗೂ ಇನ್ನೊಂದಕ್ಕೂ ನಡುವಿನ ಬಿಡುವು ಉದ್ದವಾಗುತ್ತಾ ಹೋಯಿತು. ಪೂರ್ತಿ ನಿಂತಾಗ, ಸದ್ಯ, ಈಗ ಒಳ್ಳೆಯ ನಿದ್ದೆ ಬಂತು ಎಂದುಕೊಂಡಳು. ಸಂಜೆ ಗೋಣಿ ಸರಿಸಿದರೆ ತುಟಿ ನೇರಳೆಯಾಗಿತ್ತು.

ಎದೆ ವೀಕು ಇತ್ತು ಎಂದ ಗೋದಾಮಿನ ಧಣಿ.

ಅಂದಿನಿಂದ ಕೆಟಲು ಕುದಿಯತೊಡಗಿದರೆ ಅವಳಿಗೆ ಆ ಗೊರಕೆಯೇ ಕೇಳುತ್ತಿತ್ತು. ಕುದಿ ಹಿಡಿಯುವ ಮೊದಲೇ ಕೆಳಗಿಳಿಸಿ, ಸೆರಗಿನಿಂದ ಕಿವಿ ಮುಚ್ಚಿಕೊಂಡು ನಿಲ್ಲುತ್ತಿದ್ದಳು. ನಿನ್ನೆ ಮಧ್ಯಾಹ್ನ ಒಲೆ ಆರಿತ್ತು, ಕೆಟಲು ತಣ್ಣಗಿತ್ತು. ಆದರೂ ಕೇಳಿಸಿತು. ತಿರುಗಿ ನೋಡಿದರೆ, ಚೀಲಗಳ ಮೇಲೆ ಅವಳ ಗಂಡ. ಭುಜ ಹಿಡಿದು ಕುಲುಕಿದಾಗ ಎದ್ದ. "ಏನಾಯ್ತೇ ನಿನಗೆ, ದೆವ್ವ ನೋಡಿದವಳ ಹಾಗಿದೀಯಾ" ಎಂದು ನಕ್ಕ. ಗುಳಿಗೆ ಗಂಟು ಸೇರಿದ್ದು ಆಗಲೇ.

ಈಗ ಲಾರಿಯ ನೆರಳಿನಲ್ಲಿ ಕೂತವರಿಗೆ, ಇಷ್ಟು ಕಾಲ ಎಲ್ಲೋ ಹೋಗಿದ್ದ ನೋವುಗಳೆಲ್ಲ ಒಂದೊಂದಾಗಿ ಮನೆಗೆ ಮರಳುತ್ತಿದ್ದವು. ಮೀಸೆ ಎಂದು ಕರೆಸಿಕೊಳ್ಳುವವನು ಸಿಮೆಂಟು ಸುಟ್ಟ ಹೆಗಲನ್ನು ಮುಟ್ಟಿಕೊಂಡು ಚೀರಿದ. ಗಂಡ ಪಾದ ಮಡಚಿ ಹಿಮ್ಮಡಿ ನೋಡಿದ. ತುಕ್ಕು ಹಿಡಿದ ಮೊಳೆಯೊಂದು ಮಾಂಸದೊಳಗೆ ಕೂತುಬಿಟ್ಟಿತ್ತು. ಸುತ್ತ ಕೀವು.

"ಇದು ಯಾವಾಗ ಹೊಕ್ಕಿತು?" ಎಂದ, ಬೇರೆ ಯಾರದೋ ಕಾಲು ನೋಡುವವನಂತೆ.

"ಅತ್ತಿಗೆ, ಚೂರು ಹಾಕಿಕೊಡು" ಎಂದ ಮೀಸೆ. "ಮೈಯೊಳಗೆ ಇರುವೆ ಹರೀತಿವೆ. ನಿನ್ನ ಕಾಲಿಗೆ ಬೀಳ್ತೀನಿ."

"ಆನೆ ಹೋಗಿದ್ದು ಅದರಿಂದಲೇ ಕಣಪ್ಪ."

"ಹೋದ್ರೆ ಹೋಗ್ಲಿ! ಎಲ್ಲಾ ನೀನೊಬ್ಬಳೇ ನುಂಗ್ತಿದೀಯೇನೇ, ಸೂಳೆ?"

ಅಂದವನೇ ಮುಖ ಮುಚ್ಚಿಕೊಂಡ. ಆಮೇಲೆ ತಲೆಗೆ ಸುತ್ತಿದ್ದ ಟವೆಲು ಬಿಚ್ಚಿ, ಟೀ ಬಿದ್ದು ಕೆಂಪಾದ ಅವಳ ಪಾದವನ್ನು ಒರೆಸಿದ. ಅವನ ಕೈ ನಡುಗುತ್ತಿತ್ತು.

ಅವಳದೂ ನಡುಗುತ್ತಿತ್ತು. ಬೆಳಗಿನಿಂದ ಆಕಳಿಕೆಯ ಮೇಲೆ ಆಕಳಿಕೆ, ಮೂಗಿನಲ್ಲಿ ನೀರು, ಶೀತ ಎಂದುಕೊಂಡಿದ್ದಳು. ಈಗ ನೋಡಿದರೆ ಅವಳ ಬೆರಳು ತಾನಾಗಿಯೇ ಸೆರಗಿನ ಗಂಟನ್ನು ಬಿಚ್ಚುತ್ತಿತ್ತು. ಮೊದಲ ಲೋಟ ಯಾವಾಗಲೂ ಅವಳದೇ ಅಲ್ಲವೇ! ಗಂಟನ್ನು ಮತ್ತೆ ಬಿಗಿದಳು, ಉಗುರು ಮುರಿಯುವಷ್ಟು.

ಧಣಿ ಬಂದ. ಧೂಳು ತಾಗದಂತೆ ಮೂಗಿಗೆ ಕರವಸ್ತ್ರ ಹಿಡಿದಿದ್ದ.

"ನಾನೇನಮ್ಮ, ಯಾರಿಗಾದ್ರೂ ಬಲವಂತ ಮಾಡಿದೀನಾ? ಕೇಳು ಅವರನ್ನೇ. ಮೇಸ್ತ್ರಿ, ಟೀ ಯಾಕೆ, ನೇರ ಕೊಡು. ಲಾರಿ ಖಾಲಿಯಾಗಬೇಕು."

"ಸಾಲಾಗಿ ನಿಂತ್ಕೊಳ್ರೋ" ಎಂದ ಮೇಸ್ತ್ರಿ. "ಬಾಯಿ ತೆಗೀರಿ. ಕೈಗೆ ಕೊಟ್ರೆ ಬಚ್ಚಿಡ್ತೀರಿ, ಕಳ್ಳ ನನ್ಮಕ್ಕಳು."

ಸಿಮೆಂಟು ಮೆತ್ತಿದ ಗಂಡಸರು, ಮಕ್ಕಳಿರುವ ಗಂಡಸರು, ಹಕ್ಕಿಮರಿಗಳಂತೆ ಬಾಯಿ ತೆರೆದು ನಿಂತರು. ಗಂಡನ ಸರದಿ ಬಂತು.

"ನೀನು ಹಳಬ, ನಿನಗೆ ಜಾಸ್ತಿ ಬೇಕು" ಎಂದು ಮೇಸ್ತ್ರಿ ಇನ್ನೂ ಒಂದಿಷ್ಟು ಉದುರಿಸಿದ. "ಹಾಡೋಕೆ ಬರುತ್ತಾ ಇನ್ನೂ? ಹಾಡು ನೋಡೋಣ."

ಗಂಡ ಬಾಯಿ ತುಂಬ ಗುಳಿಗೆ ಇಟ್ಟುಕೊಂಡೇ ಹಾಡಲು ನೋಡಿದ. ಧಣಿ ಕರವಸ್ತ್ರದ ಹಿಂದೆ ನಕ್ಕ.

"ಅತ್ತಿಗೆಗೂ ಒಂದು?" ಎಂದ ಮೇಸ್ತ್ರಿ.

ಅವಳ ಬಾಯಲ್ಲಿ ನೀರೂರಿತು. ಹಲ್ಲು ಕಚ್ಚಿ ತಲೆ ತಗ್ಗಿಸಿದಳು.

ಹೊತ್ತು ನೆತ್ತಿಗೇರುವಷ್ಟರಲ್ಲಿ ಲಾರಿ ಖಾಲಿ. ಗಂಡ ಚೀಲಗಳ ಮೇಲೆ ಒರಗಿದ. ಅವಳು ಕೆಟಲು ತೊಳೆಯುತ್ತಿದ್ದಳು. ಒಲೆ ಆರಿತ್ತು.

ಕೇಳಿಸಿತು.

ಕೆಟಲು ಎಸೆದು ಓಡಿದಳು. "ರೀ... ರೀ, ಏಳಿ."

"ಬಿಡೇ, ಮಲಗಲಿ. ಕೆಲಸ ಮುಗೀತಲ್ಲ" ಎಂದ ಮೇಸ್ತ್ರಿ.

ಬಕೆಟ್ಟಿನ ನೀರೆಲ್ಲ ಮುಖಕ್ಕೆ ಸುರಿದಳು. ಕಣ್ಣು ತೆರೆಯಲಿಲ್ಲ. ಮದುವೆಯಾದಾಗಿನಿಂದ ಗಂಡನನ್ನು ಏಕವಚನದಲ್ಲಿ ಕರೆದವಳಲ್ಲ. "ಏಳೋ! ಏಳೋ ಬೇವಾರ್ಸಿ!" ಎಂದು ಕೆನ್ನೆಗೆ ಬಾರಿಸಿದಳು. ಗೊರಕೆ ಕೇಳಿ ನಗುತ್ತಿದ್ದವರ ನಗು ಅಲ್ಲೇ ನಿಂತಿತು.

"ಆಸ್ಪತ್ರೆಗೆ ಹಾಕ್ರೋ ಇವರನ್ನ!"

"ಆಸ್ಪತ್ರೆಲಿ ಏನು ತಿಂದ ಅಂತ ಕೇಳ್ತಾರೆ. ಏನು ಹೇಳ್ತೀಯಾ?" ಮೇಸ್ತ್ರಿ ಅಡ್ಡ ನಿಂತ.

ಅವಳು ಸೆರಗಿನ ಗಂಟನ್ನು ಅವನ ಮುಖಕ್ಕೆ ಹಿಡಿದಳು. "ಹೇಳೋದ್ಯಾಕೆ? ತೋರಿಸ್ತೀನಿ."

ಲಾರಿ ಗೇಟಿನತ್ತ ಹೊರಳುತ್ತಿತ್ತು. ಅವಳು ಗಂಡನ ಒಂದು ತೋಳನ್ನು ಹೆಗಲಿಗೇರಿಸಿಕೊಂಡಳು. ಇನ್ನೊಂದು ಏಳಲಿಲ್ಲ. ಮೀಸೆ ಬಂದು, ಸುಟ್ಟ ಹೆಗಲನ್ನೇ ಕೊಟ್ಟು ಎತ್ತಿದ. ಇಬ್ಬರೂ ಅವನನ್ನು ಎಳೆದುಕೊಂಡು ಹೋಗಿ ಲಾರಿಯ ಮೂತಿಗೆ ಅಡ್ಡ ನಿಂತರು.

"ಆಸ್ಪತ್ರೆಗೆ ತಿರುಗಿಸು!"

ಡ್ರೈವರ್ ಹಾರ್ನ್ ಒತ್ತಿದ. ತಗಡಿನ ಗೋದಾಮೆಲ್ಲ ನಡುಗಿತು.

"ಎಳೆದು ಬಿಸಾಕ್ರೋ ಅವರನ್ನ!" ಎಂದು ಮೇಸ್ತ್ರಿ ಕೂಗಿದ. ಯಾರೂ ಅಲುಗಲಿಲ್ಲ.

ಹಾರ್ನಿನ ಸದ್ದಿಗೆ ಗಂಡನ ರೆಪ್ಪೆ ಅದುರಿತು. ಎದೆ ಒಂದು ಉಸಿರು ಎಳೆದುಕೊಂಡಿತು. ಡ್ರೈವರ್ ಕೈ ತೆಗೆದ. ಉಸಿರೂ ನಿಂತಿತು.

ಅವಳು ಲಾರಿಯ ಮೂತಿಗೆ ಮುಷ್ಟಿಯಿಂದ ಗುದ್ದಿದಳು.

"ನಿಲ್ಲಿಸಬೇಡ ಕಣೋ! ಹಾರ್ನ್ ಹೊಡಿ! ಹೊಡೀತಾನೇ ಇರು!"